‘ಇನ್ನೆಷ್ಟು ದಿನ, ದೇವರೇ?’: ಕಷ್ಟದಲ್ಲಿ ಇಡುವ ಮೊರೆಯ ಒಳಗುಟ್ಟು

ಆಸ್ಪತ್ರೆಯ ಐಸಿಯು ಹೊರಗಿನ ಕಾರಿಡಾರ್. ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ಚಿಕ್ಕಪ್ಪ ಒಳಗಿದ್ದರು. ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ತಾಯಿಯ ಮಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಡಾಕ್ಟರ್ ಹೊರಗೆ ಬಂದು ಎರಡು ಮಾತು ಹೇಳಿ ಹೋದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೇಲೆ ನೋಡಿ ಕೂಗಿಬಿಟ್ಟರು: "ನಿನಗೆ ಕಣ್ಣಿಲ್ವಾ? ನಾನೇನು ಮಾಡಿದ್ದೆ ನಿನಗೆ?"

ಜೊತೆಗಿದ್ದ ಹಿರಿಯರು ಗಾಬರಿಯಾದರು. "ಹಾಗೆಲ್ಲ ಅನ್ನಬಾರದಮ್ಮ, ದೇವರು ಮುನಿಸಿಕೊಳ್ತಾನೆ" ಅಂದರು.

ಎದುರು ಬೆಂಚಿನಲ್ಲಿ ಗದಗ ಕಡೆಯ ಅಜ್ಜಿಯೊಬ್ಬರಿದ್ದರು. ಮಡಿಲಲ್ಲಿ ಕಪ್ಪು ರಟ್ಟಿನ ಬೈಬಲ್, ಮೂಲೆಗಳೆಲ್ಲ ಸವೆದು ದುಂಡಗಾಗಿದ್ದವು. "ಅನ್ಲಿ ಬಿಡ್ರಿ" ಅಂದರು ಅವರು. "ಆತಗ ಅನ್ನದ ಇನ್ಯಾರಿಗ ಅನ್ಬೇಕು?"

ದೇವರ ಎದುರು ಹೀಗೆ ಕೂಗಾಡಬಹುದಾ? ಅದು ಪ್ರಾರ್ಥನೆ ಅನ್ನಿಸಿಕೊಳ್ಳುತ್ತಾ, ಇಲ್ಲ ದೇವನಿಂದೆ ಆಗುತ್ತಾ? ಮನೆಯಲ್ಲಿ ಕಾಯಿಲೆ, ಸಾವು, ಸಾಲ ಬಂದಾಗ ಪ್ರಾರ್ಥನೆಯ ಅಭ್ಯಾಸ ಇಲ್ಲದವರಿಗೂ ಈ ಪ್ರಶ್ನೆ ಎದುರಾಗುತ್ತದೆ. ಈ ಪ್ರಶ್ನೆಯ ಜೊತೆ ತುಂಬಾ ಹಿಂದಿನಿಂದ ಗುದ್ದಾಡಿರುವ ಒಂದು ಪುಸ್ತಕ ಅಜ್ಜಿಯ ಮಡಿಲಲ್ಲೇ ಇತ್ತು. ಬೈಬಲ್ಲಿನ ‘ಕೀರ್ತನೆಗಳು’. ಅದನ್ನೇ ಹಿಡಿದುಕೊಂಡು ಹೋಗೋಣ.

ಮೊರೆ ಅಂದರೆ ಏನು?

ಮೊದಲು ನಮ್ಮ ಪದವನ್ನೇ ನೋಡೋಣ. ಕಡಲಿನ ಮೊರೆತ ಅನ್ನುತ್ತೇವೆ, ದುಂಬಿಯ ಮೊರೆತ ಅನ್ನುತ್ತೇವೆ. ಅಲ್ಲಿ ಮೊರೆ ಅಂದರೆ ಬರೀ ಸದ್ದು. ಅದೇ ಪೇಪರ್ ತೆಗೆದರೆ ‘ಪರಿಹಾರಕ್ಕಾಗಿ ಹೈಕೋರ್ಟ್ ಮೊರೆ ಹೋದ ರೈತರು’ ಅಂತ ಇರುತ್ತದೆ. ಅಲ್ಲಿ ಸದ್ದಿಲ್ಲ, ಕಾಗದಪತ್ರ ಇದೆ. ನ್ಯಾಯ ಕೇಳುವುದು, ಆಸರೆ ಬೇಡುವುದು ಅಂತ ಅರ್ಥ.

ದೇವರಿಗೆ ಇಡುವ ಮೊರೆಯಲ್ಲಿ ಈ ಎರಡೂ ಇವೆ. ಎದೆಯಿಂದ ತಾನಾಗಿ ಹೊರಡುವ ಸದ್ದೂ ಹೌದು, "ನನಗೆ ಅನ್ಯಾಯವಾಗಿದೆ, ನೀನು ನೋಡಬೇಕು" ಅನ್ನುವ ದಾವೆಯೂ ಹೌದು.

ಕೀರ್ತನೆಗಳ ಮೂಲ ಭಾಷೆ ಹೀಬ್ರೂ. ಅಲ್ಲಿ ಮೊರೆಯಿಡು ಅನ್ನುವುದಕ್ಕೆ ‘ತ್ಸಾಅಕ್’ ಅನ್ನುವ ಕ್ರಿಯಾಪದ ಇದೆ. ಅದರ ಬಳಕೆಯೂ ನಮ್ಮ ಮೊರೆಯ ಹಾಗೇ. ಬೈಬಲ್ಲಿನ ಎರಡನೇ ಅರಸುಗಳು ಪುಸ್ತಕದಲ್ಲಿ ಶೂನೇಮ್ ಊರಿನ ಒಬ್ಬ ಹೆಂಗಸಿನ ಕಥೆ ಬರುತ್ತದೆ. ಬರ ಬಂದು ಆಕೆ ಏಳು ವರ್ಷ ಬೇರೆ ಸೀಮೆಗೆ ಗುಳೆ ಹೋಗಿರುತ್ತಾಳೆ. ವಾಪಸ್ ಬಂದಾಗ ಮನೆ, ಹೊಲ ಕೈಯಲ್ಲಿ ಇರುವುದಿಲ್ಲ. ಆಕೆ ನೇರ ರಾಜನ ಹತ್ತಿರ ಹೋಗಿ ‘ಮೊರೆಯಿಡುತ್ತಾಳೆ’. ರಾಜ ವಿಚಾರಿಸಿ ಹೊಲವನ್ನೂ, ಅಷ್ಟು ವರ್ಷಗಳ ಬೆಳೆಯ ಆದಾಯವನ್ನೂ ಕೊಡಿಸುತ್ತಾನೆ. ದೇವರ ಮುಂದೆ ಅಳುವುದಕ್ಕೂ ರಾಜನ ಮುಂದೆ ಹೊಲ ಕೇಳುವುದಕ್ಕೂ ಒಂದೇ ಮಾತು.

ಅಂದರೆ ಮೊರೆಗೆ ಒಂದು ಹಕ್ಕಿನ ದನಿ ಇದೆ. ಅದು ಬರೀ ಬೇಡಿಕೊಳ್ಳುವುದಲ್ಲ. ಇದು ಗೊತ್ತಿದ್ದರೆ ಮುಂದಿನದು ಸಲೀಸಾಗಿ ಅರ್ಥವಾಗುತ್ತದೆ.

ಯಾರಿಗೆ ಅಂತ ಹೇಳದ ಕೂಗು

ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಯೆಹೂದಿಗಳ ಪೂರ್ವಜರಾದ ಇಸ್ರಾಯೇಲ್ಯರು ಜೀತಕ್ಕಿದ್ದರು ಅಂತ ಬೈಬಲ್ಲಿನ ವಿಮೋಚನಕಾಂಡ ಹೇಳುತ್ತದೆ. ಜೇಡಿಮಣ್ಣು ಕಲಸಿ ಇಟ್ಟಿಗೆ ಮಾಡುವ ಬಿಟ್ಟಿ ಕೆಲಸ. ಅವರು ನರಳಿದರು, ಕೂಗಿಕೊಂಡರು. ಇಲ್ಲೊಂದು ಸೂಕ್ಷ್ಮ ಇದೆ. ಅವರು ದೇವರನ್ನು ಕರೆದರು ಅಂತ ಅಲ್ಲಿ ಬರೆದಿಲ್ಲ. ನೋವು ತಾಳದೆ ಕೂಗಿದರು, ಆ ಕೂಗು ದೇವರವರೆಗೆ ಮುಟ್ಟಿತು ಅಂತಷ್ಟೇ ಇದೆ. ಆಮೇಲೆ ನಾಲ್ಕು ಕ್ರಿಯಾಪದ ಸಾಲಾಗಿ ಬರುತ್ತವೆ: ದೇವರು ಕೇಳಿದ, ನೆನಪಿಸಿಕೊಂಡ, ನೋಡಿದ, ಅರಿತುಕೊಂಡ. ಬಿಡುಗಡೆಯ ಕಥೆ ಶುರುವಾಗುವುದು ಅಲ್ಲಿಂದ.

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಹಾಗರಳ ಕಥೆ. ಆಕೆ ದಾಸಿ. ಮಗನ ಸಮೇತ ಮನೆಯಿಂದ ಹೊರಗೆ ಹಾಕುತ್ತಾರೆ. ಮರಳುಗಾಡು, ತಿತ್ತಿಯ ನೀರು ಮುಗಿದಿದೆ. ಮಗ ಸಾಯುವುದನ್ನು ನೋಡಲಾರೆ ಅಂತ ಅವನನ್ನು ಒಂದು ಗಿಡದ ಕೆಳಗೆ ಬಿಟ್ಟು, ಬಾಣ ಹಾರುವಷ್ಟು ದೂರ ಹೋಗಿ ಕೂತು ಅಳುತ್ತಾಳೆ. ಆಗ ದೇವರು ‘ಹುಡುಗನ ದನಿ’ ಕೇಳಿದ ಅಂತ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡ ಹೇಳುತ್ತದೆ. ಆ ಹುಡುಗ ಇಷ್ಮಾಯೇಲ್. ಆ ಹೆಸರಿನ ಅರ್ಥವೇ ‘ದೇವರು ಕೇಳುತ್ತಾನೆ’ ಅಂತ. ಮುಸ್ಲಿಮರು ಮೆಕ್ಕಾದಲ್ಲಿ ಹಜ್ ಮತ್ತು ಉಮ್ರಾ ಮಾಡುವಾಗ ಸಫಾ, ಮರ್ವಾ ಅನ್ನುವ ಎರಡು ದಿಣ್ಣೆಗಳ ನಡುವೆ ಏಳು ಸಲ ನಡೆಯುತ್ತಾರಲ್ವಾ, ಅದು ನೀರಿಗಾಗಿ ಅತ್ತಿಂದಿತ್ತ ಓಡಿದ ಇದೇ ತಾಯಿಯ ನೆನಪು. ಅಲ್ಲಿ ಆಕೆಯ ಹೆಸರು ಹಾಜರಾ. ಒಬ್ಬ ತಾಯಿಯ ಸಂಕಟದ ಓಟವನ್ನು ಕೋಟಿಗಟ್ಟಲೆ ಜನ ತಮ್ಮ ಕಾಲಿನಿಂದ ಮತ್ತೆ ಓಡುತ್ತಾರೆ.

ಹಾಡಿನ ಪುಸ್ತಕದಲ್ಲಿ ಅಳು ಯಾಕೆ?

ಕೀರ್ತನೆಗಳ ಪುಸ್ತಕದಲ್ಲಿ 150 ಹಾಡುಗಳಿವೆ. ಹೀಬ್ರೂವಿನಲ್ಲಿ ಅದರ ಹೆಸರು ‘ತೆಹಿಲ್ಲೀಮ್’, ಸ್ತುತಿಗಳು ಅಂತ ಅರ್ಥ. 19ನೇ ಶತಮಾನದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದ ಮಿಷನರಿಗಳು ಬೈಬಲ್ಲನ್ನು ಕನ್ನಡಕ್ಕೆ ತಂದರು. ಕನ್ನಡ ಬೈಬಲ್ಲಿನಲ್ಲಿ ಈ ಹಾಡುಗಳಿಗೆ ನೆಲೆಯಾದ ಹೆಸರು ಕೀರ್ತನೆ. ದಾಸರ ಪದ ಕೇಳಿ ಬೆಳೆದ ನಾಡಿಗೆ ಅದು ಹೊರಗಿನ ಹೆಸರು ಅನ್ನಿಸುವುದಿಲ್ಲ.

ಸ್ತುತಿ ಅಂತ ಹೆಸರಿಟ್ಟುಕೊಂಡ ಪುಸ್ತಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಸ್ತುತಿಯೇ ಅಲ್ಲ, ಗೋಳು. ಹಾಸಿಗೆ ಕಣ್ಣೀರಲ್ಲಿ ತೊಯ್ದಿದೆ ಅನ್ನುತ್ತದೆ 6ನೇ ಕೀರ್ತನೆ. ನೀರು ಕುತ್ತಿಗೆವರೆಗೆ ಬಂದಿದೆ, ಕಾಲೂರಲು ನೆಲ ಸಿಗುತ್ತಿಲ್ಲ ಅನ್ನುತ್ತದೆ 69ನೆಯದು. ಮಾಳಿಗೆಯ ಮೇಲೆ ಒಂಟಿಯಾಗಿ ಕೂತ ಹಕ್ಕಿಯ ಹಾಗಾಗಿದ್ದೇನೆ ಅನ್ನುತ್ತದೆ 102ನೆಯದು. 44ನೆಯದಂತೂ ನೇರವಾಗಿ ಕೇಳಿಬಿಡುತ್ತದೆ: ಎದ್ದೇಳು, ಯಾಕೆ ಮಲಗಿದ್ದೀ? ಕಾರಿಡಾರಿನ ತಾಯಿ ಕೇಳಿದ "ಕಣ್ಣಿಲ್ವಾ"ಗೂ ಇದಕ್ಕೂ ಏನು ಹೆಚ್ಚಿನ ವ್ಯತ್ಯಾಸ?

ಇಂಥ ಹಾಡುಗಳಿಗೆ ‘ಪ್ರಲಾಪ ಕೀರ್ತನೆ’ ಅನ್ನುತ್ತಾರೆ. ಪ್ರಲಾಪ ಅಂದರೆ ಗೋಳಾಟ, ಹಲುಬುವುದು. ಕೆಲವು ಒಬ್ಬರ ಗೋಳು, ಕೆಲವು ಇಡೀ ಊರಿನ ಗೋಳು. ಯುದ್ಧದಲ್ಲಿ ಸೋತಾಗ, ದೇವಾಲಯ ಹಾಳಾದಾಗ ಎಲ್ಲರೂ ಸೇರಿ ಹಾಡಿದಂಥವು ಅವು.

ಈ ಹಾಡುಗಳನ್ನು ಬಗೆಬಗೆಯಾಗಿ ವಿಂಗಡಿಸಿ ನೋಡುವ ದಾರಿ ಹಾಕಿಕೊಟ್ಟವರು ಜರ್ಮನಿಯ ವಿದ್ವಾಂಸ ಹರ್ಮನ್ ಗುಂಕೆಲ್ (1862–1932). ಯಾವ ಹಾಡನ್ನು ಯಾರು ಬರೆದರು ಅನ್ನುವುದಕ್ಕಿಂತ, ಇಂಥ ಹಾಡನ್ನು ಜನ ಯಾವ ಹೊತ್ತಿನಲ್ಲಿ ಹಾಡುತ್ತಿದ್ದರು ಅನ್ನುವುದು ಅವರ ಪ್ರಶ್ನೆ. ಬೀಸುವ ಹಾಡು, ಜೋಗುಳ, ಸೋಬಾನೆ ಅಂತ ನಾವು ವಿಂಗಡಿಸುವುದಿಲ್ವಾ, ಹಾಗೆ. ಒಂದೊಂದು ಹೊತ್ತಿನ ಹಾಡಿಗೆ ಒಂದೊಂದು ಕಟ್ಟು ಇರುತ್ತದೆ. ಗೋಳಿಗೂ ಒಂದು ಕಟ್ಟು ಇದೆ ಅಂತ ಅವರು ತೋರಿಸಿದರು.

ಒಂದು ಮೊರೆಯನ್ನು ಬಿಡಿಸಿ ನೋಡೋಣ

13ನೇ ಕೀರ್ತನೆ ತೆಗೆಯಿರಿ. ಬರೀ ಆರು ವಚನ, ಅಂದರೆ ನಂಬರು ಹಾಕಿದ ಆರು ಸಾಲು. ಅರ್ಧ ನಿಮಿಷದಲ್ಲಿ ಓದಿ ಮುಗಿಯುತ್ತದೆ. ಆದರೆ ಮೊರೆಯ ಎಲ್ಲ ಅಂಗಗಳೂ ಇದರಲ್ಲಿವೆ.

ಶುರುವಿನಲ್ಲೇ ‘ಎಷ್ಟರವರೆಗೆ’ ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ? ಇನ್ನೆಷ್ಟು ದಿನ ಮುಖ ಮರೆಮಾಡುತ್ತೀ? ಇನ್ನೆಷ್ಟು ದಿನ ನಾನು ಹಗಲೆಲ್ಲ ಕೊರಗಬೇಕು? ಇನ್ನೆಷ್ಟು ದಿನ ಶತ್ರುವಿನ ಕೈ ಮೇಲಾಗಿರಬೇಕು? ಮೊದಲೆರಡು ಪ್ರಶ್ನೆ ದೇವರ ಬಗ್ಗೆ, ಮೂರನೆಯದು ತನ್ನ ಬಗ್ಗೆ, ನಾಲ್ಕನೆಯದು ಎದುರಾಳಿಯ ಬಗ್ಗೆ. ಕಷ್ಟದಲ್ಲಿರುವ ಮನುಷ್ಯನಿಗೆ ಈ ಮೂರು ಕಡೆಯಿಂದಲೂ ನೋವು ಬರುತ್ತದೆ. ದೇವರು ದೂರ ಆದ ಅನ್ನಿಸುತ್ತದೆ, ಒಳಗೇ ಚಿಂತೆ ಕೊರೆಯುತ್ತದೆ, ಹೊರಗೆ ಯಾರೋ ನಗುತ್ತಿರುತ್ತಾರೆ. ಸುಮ್ನೆ ನಾಲ್ಕು ಸಲ ಹೇಳಿದ್ದಲ್ಲ ಅದು.

ಆಮೇಲೆ ಕೇಳಿಕೆ. ನನ್ನ ಕಡೆ ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು. ಇಲ್ಲದಿದ್ದರೆ ಸಾಯುತ್ತೇನೆ, ಶತ್ರು ‘ಗೆದ್ದೆ’ ಅನ್ನುತ್ತಾನೆ. ಇಲ್ಲಿ ವಾದವೂ ಇದೆ ನೋಡಿ. ನೀನು ಸುಮ್ಮನಿದ್ದರೆ ಹೀಗಾಗುತ್ತದೆ ಅಂತ ದೇವರಿಗೇ ಕಾರಣ ಕೊಡುವುದು. ಬೇರೆ ಕೀರ್ತನೆಗಳಲ್ಲಿ ಈ ವಾದ ಇನ್ನೂ ಜೋರಾಗಿದೆ. 30ನೆಯದರಲ್ಲಿ, ನಾನು ಮಣ್ಣಾಗಿ ಹೋದರೆ ನಿನಗೇನು ಲಾಭ, ಮಣ್ಣು ನಿನ್ನನ್ನು ಹೊಗಳುತ್ತದಾ ಅಂತ ಕೇಳುತ್ತಾನೆ. ಅವ್ವನ ಸೆರಗು ಹಿಡಿದು ಜಗಳ ತೆಗೆಯುವ ಮಗು ಹೀಗೇ ಅಲ್ವಾ ಮಾತಾಡುವುದು?

ಐದನೇ ವಚನಕ್ಕೆ ಬಂದರೆ ದನಿಯೇ ಬೇರೆ. ನಾನಾದರೋ ನಿನ್ನ ಪ್ರೀತಿಯನ್ನು ನಂಬಿದ್ದೇನೆ. ಆರನೆಯದರಲ್ಲಿ, ಹಾಡುತ್ತೇನೆ, ನನಗೆ ಒಳ್ಳೆಯದು ಮಾಡಿದ್ದೀ. ಮುಗಿಯಿತು.

ಹೀಗೆ ಬಿಡಿಸಿದರೆ ಐದು ತುಂಡು ಸಿಗುತ್ತವೆ: ಕರೆ, ದೂರು, ಕೇಳಿಕೆ, ನಂಬಿಕೆ, ಹರಕೆ. ತಹಶೀಲ್ದಾರರಿಗೆ ಅರ್ಜಿ ಬರೆದವರಿಗೆ ಈ ಕಟ್ಟು ಹೊಸದಲ್ಲ. ಇಂಥವರಿಗೆ, ನನಗೆ ಹೀಗಾಗಿದೆ, ನೀವು ಇಂಥದ್ದು ಮಾಡಿಕೊಡಬೇಕು, ತಾವು ಮಾಡುತ್ತೀರಿ ಅಂತ ನಂಬಿದ್ದೇನೆ, ತಮಗೆ ಋಣಿಯಾಗಿರುತ್ತೇನೆ. ಅರ್ಜಿಯಲ್ಲಿ ವಿಳಾಸ ಬಿಟ್ಟುಹೋದರೆ ಅದು ಯಾವ ಟೇಬಲ್ಲಿಗೂ ಹೋಗುವುದಿಲ್ಲ. ಮೊರೆಯಲ್ಲೂ ಹಾಗೇ, ‘ದೇವರೇ’ ಅನ್ನುವ ಕರೆಯೇ ವಿಳಾಸ.

ಗೊಣಗಾಟಕ್ಕೂ ಮೊರೆಗೂ ಇರುವ ವ್ಯತ್ಯಾಸ ಇಷ್ಟೇ. ‘ದೇವರು ಅನ್ಯಾಯ ಮಾಡಿದ’ ಅಂತ ಪಕ್ಕದವರ ಹತ್ತಿರ ಹೇಳಿದರೆ ಅದು ಗೊಣಗಾಟ. ‘ಯಾಕೆ ಅನ್ಯಾಯ ಮಾಡಿದೆ’ ಅಂತ ದೇವರಿಗೇ ಹೇಳಿದರೆ ಅದು ಮೊರೆ. ಮಾತು ಅದೇ, ಮುಖ ತಿರುಗಿರುವ ದಿಕ್ಕು ಬೇರೆ. ಗದಗದ ಅಜ್ಜಿ ಒಂದೇ ವಾಕ್ಯದಲ್ಲಿ ಹೇಳಿದ್ದು ಇದನ್ನೇ.

ನಡುವೆ ಏನಾಯಿತು?

ನಾಲ್ಕನೇ ವಚನದವರೆಗೆ ಸಾಯುತ್ತೇನೆ, ಶತ್ರು ಗೆಲ್ಲುತ್ತಾನೆ ಅಂದವನು ಐದನೆಯದರಲ್ಲಿ ನಂಬಿದ್ದೇನೆ ಅನ್ನುತ್ತಾನೆ. ಎರಡರ ನಡುವೆ ಏನಾಯಿತು? ಹಾಡಿನಲ್ಲಿ ಒಂದಕ್ಷರ ಇಲ್ಲ. ಬೇರೆ ಪ್ರಲಾಪ ಕೀರ್ತನೆಗಳಲ್ಲೂ ಇಂಥದೇ ಹಠಾತ್ ತಿರುವು ಇದೆ.

1934ರಲ್ಲಿ ಜರ್ಮನಿಯ ಯೋಆಖಿಮ್ ಬೆಗ್ರಿಖ್ ಒಂದು ವಿವರಣೆ ಕೊಟ್ಟರು. ದೇವಾಲಯದಲ್ಲಿ ಒಬ್ಬ ದುಃಖಿ ಹೀಗೆ ಮೊರೆಯಿಟ್ಟಾಗ, ಅಲ್ಲಿದ್ದ ಪೂಜಾರಿ ದೇವರ ಪರವಾಗಿ ‘ಹೆದರಬೇಡ’ ಅಂತ ಅಭಯದ ಮಾತು ಹೇಳುತ್ತಿದ್ದಿರಬೇಕು. ಹಾಡಿನ ಪುಸ್ತಕದಲ್ಲಿ ಭಕ್ತನ ಮಾತು ಮಾತ್ರ ಉಳಿದಿದೆ, ಪೂಜಾರಿಯ ಮಾತು ಉಳಿದಿಲ್ಲ. ನಮ್ಮಲ್ಲಿ ಮೈಮೇಲೆ ದೇವರು ಬಂದವರ ಹತ್ತಿರ, ಭೂತದ ಕೋಲದಲ್ಲಿ ದೈವದ ಹತ್ತಿರ ಕಷ್ಟ ಹೇಳಿಕೊಂಡು ನುಡಿ ಕೇಳಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಕಷ್ಟ ಹೇಳಿದ ಮನುಷ್ಯ ನುಡಿ ಸಿಕ್ಕ ಮೇಲೆ ಎದ್ದು ನಿಲ್ಲುವ ರೀತಿಯೇ ಬೇರೆ.

ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ. ಹಾಗೆ ಪೂಜಾರಿ ಹೇಳಿದ್ದಕ್ಕೆ ಕೀರ್ತನೆಗಳಲ್ಲಿ ನೇರ ಸಾಕ್ಷಿ ಕಡಿಮೆ. ಹೇಳಿಕೊಂಡದ್ದರಿಂದಲೇ ಎದೆ ಹಗುರವಾಗಿ ತಿರುವು ಬರುತ್ತದೆ ಅನ್ನುವವರೂ ಇದ್ದಾರೆ. ಇನ್ನೂ ಸಿಗದ ಬಿಡುಗಡೆಯನ್ನು ಸಿಕ್ಕಿಯೇಬಿಟ್ಟಿತು ಅನ್ನುವ ಹಾಗೆ ಮುಂಗಡವಾಗಿ ಹಾಡುತ್ತಿದ್ದಾನೆ ಅನ್ನುವವರೂ ಇದ್ದಾರೆ. ನನಗಂತೂ ಆ ಖಾಲಿ ಜಾಗ ಹಾಗೇ ಇರುವುದೇ ಸರಿ ಅನ್ನಿಸುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಗುತ್ತದೆ. ಕೆಲವರಿಗೆ ಏನೂ ಆಗುವುದಿಲ್ಲ.

ತಿರುವೇ ಇಲ್ಲದ ಮೊರೆ

ಹಾಗೆ ಏನೂ ಆಗದವರಿಗೂ ಈ ಪುಸ್ತಕದಲ್ಲಿ ಒಂದು ಹಾಡಿದೆ. 88ನೇ ಕೀರ್ತನೆ. ಹಗಲೂ ರಾತ್ರಿ ಕೂಗುತ್ತಿದ್ದೇನೆ ಅಂತ ಶುರುವಾಗುತ್ತದೆ. ನಡುವೆ ದಿನಾಲೂ ಕರೆಯುತ್ತಿದ್ದೇನೆ, ಕೈ ಚಾಚಿದ್ದೇನೆ ಅಂತ ಬರುತ್ತದೆ. ಮತ್ತೆ, ಬೆಳಗಾದರೆ ನನ್ನ ಪ್ರಾರ್ಥನೆ ನಿನ್ನ ಮುಂದಿರುತ್ತದೆ ಅಂತ. ಮೂರು ಸಲ ಬಾಗಿಲು ತಟ್ಟುತ್ತಾನೆ, ಬಾಗಿಲು ತೆರೆಯುವುದಿಲ್ಲ. ಚಿಕ್ಕಂದಿನಿಂದಲೂ ನೋವುಂಡವನು, ಗೆಳೆಯರೆಲ್ಲ ದೂರವಾದವರು. ಹೀಬ್ರೂವಿನಲ್ಲಿ ಈ ಹಾಡಿನ ಕಟ್ಟಕಡೆಯ ಪದ ‘ಕತ್ತಲೆ’. ನಂಬಿಕೆಯ ಸಾಲಿಲ್ಲ, ಹರಕೆ ಇಲ್ಲ.

ಇಂಥ ಹಾಡನ್ನು ಪವಿತ್ರ ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಕೊನೆಗೆ ಒಂದು ಸಮಾಧಾನದ ವಚನ ಸೇರಿಸಿ ತೇಪೆ ಹಾಕಲೂ ಇಲ್ಲ. ಉತ್ತರ ಸಿಗದ ಪ್ರಾರ್ಥನೆಯೂ ಪ್ರಾರ್ಥನೆಯೇ ಅಂತ ಒಪ್ಪಿಕೊಂಡು ಹಾಗೇ ಇಟ್ಟರು.

‘ಪ್ರಲಾಪಗಳು’ ಅಂತ ಇನ್ನೊಂದು ಪುಟ್ಟ ಪುಸ್ತಕ ಬೈಬಲ್ಲಿನಲ್ಲಿದೆ, ಐದೇ ಅಧ್ಯಾಯ. ಕ್ರಿಸ್ತಪೂರ್ವ 6ನೇ ಶತಮಾನದ ಮೊದಲ ಭಾಗದಲ್ಲಿ ಬಾಬೆಲಿನ, ಅಂದರೆ ಬ್ಯಾಬಿಲೋನಿನ, ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಾಳು ಮಾಡಿ, ದೇವಾಲಯ ಸುಟ್ಟು, ಜನರನ್ನು ಸೆರೆ ಒಯ್ದ. ಆ ಹಾಳೂರಿನ ಗೋಳು ಇದು. ಇದರ ಮೊದಲ ನಾಲ್ಕು ಅಧ್ಯಾಯಗಳನ್ನು ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಕಟ್ಟಿದ್ದಾರೆ. ಆ ಭಾಷೆಗೆ 22 ಅಕ್ಷರ. ಮೊದಲ ವಚನ ಮೊದಲ ಅಕ್ಷರದಿಂದ, ಎರಡನೆಯದು ಎರಡನೆಯ ಅಕ್ಷರದಿಂದ, ಹೀಗೆ. ಮೂರನೇ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನ.

ಅಳುವಾಗ ಯಾರಾದರೂ ಅ, ಆ, ಇ, ಈ ಲೆಕ್ಕ ಇಡುತ್ತಾರಾ ಅನ್ನಿಸಬಹುದು. ಆದರೆ ಯೋಚಿಸಿ ನೋಡಿ. ಅಷ್ಟು ದೊಡ್ಡ ದುಃಖಕ್ಕೆ ಎಲ್ಲಿ ಶುರು ಮಾಡುವುದು, ಎಲ್ಲಿ ನಿಲ್ಲಿಸುವುದು? ಅಕ್ಷರಮಾಲೆ ಒಂದು ದಡ ಕೊಡುತ್ತದೆ. ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ ಅನ್ನುವ ತೃಪ್ತಿಯೂ ಸಿಗುತ್ತದೆ. ಐದನೇ ಅಧ್ಯಾಯದಲ್ಲೂ 22 ವಚನಗಳಿವೆ, ಆದರೆ ಅಕ್ಷರದ ಕ್ರಮ ಇಲ್ಲ. ಅತ್ತು ಅತ್ತು ಕಟ್ಟು ಸಡಿಲವಾದ ಹಾಗೆ.

ಯೆಹೂದಿಗಳು ಇದನ್ನು ಅವರ ಪಂಚಾಂಗದ ಆವ್ ತಿಂಗಳ 9ನೇ ದಿನ, ಉಪವಾಸವಿದ್ದು, ದೀಪ ಮಂದ ಮಾಡಿ, ನೆಲದ ಮೇಲೆ ಇಲ್ಲವೇ ಗಿಡ್ಡ ಮಣೆಯ ಮೇಲೆ ಕೂತು ಓದುತ್ತಾರೆ. ಪುಸ್ತಕದ ಕೊನೆಯ ವಚನ ತುಂಬಾ ಕಠೋರ: ನೀನು ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಅನ್ನುವ ಮಾತು. ಅಲ್ಲಿಗೆ ನಿಲ್ಲಿಸಲು ಮನಸ್ಸು ಬಾರದೆ, ಅದರ ಹಿಂದಿನ ವಚನವನ್ನು ಎಲ್ಲರೂ ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ಮುಗಿಸುತ್ತಾರೆ. ನಮ್ಮನ್ನು ನಿನ್ನ ಕಡೆ ತಿರುಗಿಸಿಕೋ ಅನ್ನುವ ವಚನ ಅದು. ಬರೆದದ್ದನ್ನು ತಿದ್ದಲಿಲ್ಲ, ಓದುವ ರೀತಿಯಲ್ಲಿ ಒಂದು ಉಸಿರು ಜಾಗ ಮಾಡಿಕೊಂಡರು.

ಸ್ವಂತ ಮಾತು ಬಾರದಾಗ

ಮೊರೆ ಅಂದರೆ ತಾನಾಗಿ ಬರಬೇಕು, ಬರೆದಿಟ್ಟದ್ದನ್ನು ಓದಿದರೆ ಅದೆಂಥ ಮೊರೆ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ನಿಜವಾದ ಸಂಕಟದಲ್ಲಿ ಬಾಯಿ ಕಟ್ಟಿಹೋಗುತ್ತದೆ. ಆಗ ಹಿಂದೆ ಯಾವತ್ತೋ ಕಲಿತ ಮಾತೇ ಕೈ ಹಿಡಿಯುವುದು.

ಇದಕ್ಕೆ ನಮಗೆ ತೀರಾ ಗೊತ್ತಿರುವ ಕಥೆ ಗಜೇಂದ್ರ ಮೋಕ್ಷ. ಭಾಗವತದ ಎಂಟನೇ ಸ್ಕಂಧದಲ್ಲಿದೆ. ಸರೋವರದಲ್ಲಿ ಮೊಸಳೆ ಆನೆಯ ಕಾಲು ಹಿಡಿಯುತ್ತದೆ. ಸಾವಿರ ವರ್ಷ ಎಳೆದಾಟ. ಜೊತೆಯ ಆನೆಗಳ ಕೈಲೂ ಬಿಡಿಸಲು ಆಗುವುದಿಲ್ಲ. ಕೊನೆಗೆ ಸೊಂಡಿಲಲ್ಲಿ ಒಂದು ತಾವರೆ ಎತ್ತಿ ಹಿಡಿದು ನಾರಾಯಣನನ್ನು ಕರೆಯುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಜಾಸ್ತಿ ಜನ ಗಮನಿಸದ ಒಂದು ವಿಷಯ ಏನೆಂದರೆ, ಗಜೇಂದ್ರ ಆಗ ಹೇಳಿದ ಸ್ತೋತ್ರ ಅವನು ಹಿಂದಿನ ಜನ್ಮದಲ್ಲಿ ಕಲಿತದ್ದು ಅಂತ ಭಾಗವತ ಹೇಳುತ್ತದೆ. ಆ ಜನ್ಮದಲ್ಲಿ ಅವನು ಇಂದ್ರದ್ಯುಮ್ನ ಅನ್ನುವ ಪಾಂಡ್ಯ ರಾಜ. ಜನ್ಮವೇ ಬದಲಾದರೂ ಕಲಿತ ಮಾತು ಮೊಸಳೆಯ ಬಾಯಲ್ಲಿ ನೆನಪಾಯಿತು.

ಯೇಸುವಿನ ವಿಷಯದಲ್ಲೂ ಇದನ್ನೇ ಕಾಣಬಹುದು. ಶಿಲುಬೆಯ ಮೇಲೆ ಅವನು ಗಟ್ಟಿಯಾಗಿ ಕೂಗಿದ ಮಾತನ್ನು ಮಾರ್ಕನ ಸುವಾರ್ತೆ ಅವನ ಆಡುಮಾತಾದ ಅರಾಮಿಕ್ ಭಾಷೆಯಲ್ಲೇ ಉಳಿಸಿಕೊಂಡಿದೆ. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅನ್ನುವ ಮಾತು ಅದು. ಅದು ಆಗ ಹುಟ್ಟಿದ ಮಾತಲ್ಲ. 22ನೇ ಕೀರ್ತನೆಯ ಮೊದಲ ಸಾಲು. ಕ್ರೈಸ್ತರು ದೇವರ ಮಗ ಅಂತ ನಂಬುವವನೂ ಸಂಕಟದಲ್ಲಿ ಹಳೆಯ ಹಾಡಿನ ದೂರಿನ ಸಾಲನ್ನೇ ಎತ್ತಿಕೊಂಡ. ‘ಯಾಕೆ’ ಅಂತ ಕೇಳುವುದು ಅಪನಂಬಿಕೆ ಅಂತ ಕ್ರೈಸ್ತರು ಸಲೀಸಾಗಿ ಹೇಳಲಾಗದಿರುವುದು ಇದರಿಂದಲೇ.

ಜನ ಕೇಳುವ ಕೆಲವು ಪ್ರಶ್ನೆಗಳು

ಗಟ್ಟಿಯಾಗಿ ಕೂಗಲೇಬೇಕಾ? ಬೇಡ. ಸಮುವೇಲನ ಮೊದಲ ಪುಸ್ತಕದಲ್ಲಿ ಹನ್ನ ಅನ್ನುವ ಹೆಂಗಸು ಬರುತ್ತಾಳೆ. ಮಕ್ಕಳಿಲ್ಲ. ಸವತಿ ವರ್ಷ ವರ್ಷವೂ ಚುಚ್ಚುತ್ತಾಳೆ. ಶೀಲೋ ಊರಿನ ದೇವಾಲಯದಲ್ಲಿ ನಿಂತು ಅಳುತ್ತಾ ಪ್ರಾರ್ಥಿಸುತ್ತಾಳೆ, ತುಟಿ ಅಲ್ಲಾಡುತ್ತದೆ, ದನಿ ಇಲ್ಲ. ಯಾಜಕ ಎಲೀ ನೋಡಿ, ಕುಡಿದು ಬಂದಿದ್ದಾಳೆ ಅಂದುಕೊಂಡು ಗದರುತ್ತಾನೆ. ಕುಡಿದಿಲ್ಲ ಸ್ವಾಮಿ, ಮನಸ್ಸನ್ನು ದೇವರ ಮುಂದೆ ಸುರಿದುಕೊಳ್ಳುತ್ತಿದ್ದೇನೆ ಅನ್ನುತ್ತಾಳೆ. ಮುಂದೆ ಯೆಹೂದಿ ಗುರುಗಳು ಪ್ರಾರ್ಥನೆ ಹೇಗಿರಬೇಕು ಅನ್ನುವುದಕ್ಕೆ ಈ ಹೆಂಗಸನ್ನೇ ಮಾದರಿ ಮಾಡಿಕೊಂಡರು. ತುಟಿ ಅಲ್ಲಾಡಬೇಕು, ದನಿ ಹೊರಗೆ ಕೇಳಬಾರದು. ಗುರುವಿಗೇ ಅರ್ಥವಾಗದೆ ಗದರಿಸಿಕೊಂಡ ಪ್ರಾರ್ಥನೆ ಎಲ್ಲರಿಗೂ ಪಾಠವಾಯಿತು.

ಹನ್ನ ಹರಕೆಯನ್ನೂ ಹೊತ್ತಳು. ಮಗ ಹುಟ್ಟಿದರೆ ದೇವರ ಸೇವೆಗೇ ಬಿಡುತ್ತೇನೆ ಅಂತ. ಹರಕೆ, ಮೊರೆ ಎರಡೂ ಒಟ್ಟಿಗೆ ಇರಬಹುದು, ಆದರೆ ಒಂದೇ ಅಲ್ಲ. ಹರಕೆಯಲ್ಲಿ ಕೊಡುತ್ತೇನೆ ಅನ್ನುವ ಮಾತಿರುತ್ತದೆ. ಮೊರೆಯಲ್ಲಿ ಕೊಡಲು ಕೈಯಲ್ಲಿ ಏನೂ ಇಲ್ಲದಿದ್ದರೂ ನಡೆಯುತ್ತದೆ.

ದೇವರ ಮೇಲೆ ಸಿಟ್ಟಾದರೆ ಪಾಪ ಬರುತ್ತಾ? ಒಂದೊಂದು ಪರಂಪರೆ ಒಂದೊಂದು ಉತ್ತರ ಕೊಡುತ್ತದೆ. ಬೈಬಲ್ಲಿನ ಯೋಬನ ಕಥೆ ಹೀಗಿದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬ ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ, ದೇವರನ್ನೇ ವಾದಕ್ಕೆ ಕರೆಯುತ್ತಾನೆ. ನೋಡಲು ಬಂದ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಜೊತೆಗೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅಂದರೆ ಅದೇ. ಬಾಯಿ ಬಿಟ್ಟ ಮೇಲೆ, ನೀನೇನೋ ತಪ್ಪು ಮಾಡಿರಬೇಕು, ಅದಕ್ಕೇ ಹೀಗಾಗಿದೆ ಅಂತ ದೇವರ ಪರ ವಕೀಲಿಕೆ ಶುರು ಮಾಡುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಈ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಯೋಬ ಆಡಿದ ಹಾಗೆ ನೀವು ಸರಿಯಾಗಿ ಆಡಲಿಲ್ಲ ಅನ್ನುತ್ತಾನೆ. ಸಾವಿನ ಮನೆಗೆ, ಆಸ್ಪತ್ರೆಗೆ ಮಾತಾಡಿಸಲು ಹೋಗುವ ನಾವೆಲ್ಲ ಈ ಅಧ್ಯಾಯ ಓದಿಕೊಂಡು ಹೋಗುವುದು ಒಳ್ಳೆಯದು.

ಶತ್ರು ಹಾಳಾಗಲಿ ಅಂತ ಬೇಡಬಹುದಾ? ಕೀರ್ತನೆಗಳಲ್ಲಿ ಅಂಥವೂ ಇವೆ. 137ನೆಯದು ಬಾಬೆಲಿನ ಹೊಳೆ ದಂಡೆಯಲ್ಲಿ ಅಳುವುದರಿಂದ ಶುರುವಾಗಿ, ಬಾಬೆಲಿನ ಹಸುಗೂಸುಗಳ ಸಾವು ಬಯಸುವಲ್ಲಿ ಮುಗಿಯುತ್ತದೆ. ಓದಿದರೆ ಮೈ ನಡುಗುತ್ತದೆ. ಕ್ಯಾಥೊಲಿಕ್ ಸಭೆ 1971ರಲ್ಲಿ ದಿನದ ಜಪಗಳ ಪುಸ್ತಕವನ್ನು ಹೊಸದಾಗಿ ಹೊರತಂದಾಗ 58, 83, 109ನೇ ಕೀರ್ತನೆಗಳನ್ನು ಶಾಪದ ಮಾತಿನ ಕಾರಣಕ್ಕೆ ಬಿಟ್ಟಿತು. ಇಟ್ಟುಕೊಳ್ಳಬೇಕು ಅನ್ನುವವರ ವಾದ ಬೇರೆ. ಸೇಡನ್ನು ದೇವರ ಮುಂದೆ ಕಕ್ಕಿಬಿಟ್ಟರೆ ಕೈಗೆ ಕತ್ತಿ ತೆಗೆದುಕೊಳ್ಳುವ ಅಗತ್ಯ ಬೀಳುವುದಿಲ್ಲ ಅನ್ನುತ್ತಾರೆ ಅವರು.

ಪ್ರಾರ್ಥನೆಯಿಂದ ಕಾಯಿಲೆ ವಾಸಿ ಆಗುತ್ತಾ? ಆಸ್ಪತ್ರೆಯಲ್ಲಿ ಎಲ್ಲರ ಮನಸ್ಸಲ್ಲೂ ಇರುವುದು ಇದೇ. ಅಮೆರಿಕದಲ್ಲಿ ಹೃದಯದ ಬೈಪಾಸ್ ಸರ್ಜರಿ ಆದ 1,802 ರೋಗಿಗಳನ್ನು ಮೂರು ಗುಂಪು ಮಾಡಿ ಇದನ್ನು ಅಳೆದು ನೋಡಿದರು. ಫಲಿತಾಂಶ ಬಂದದ್ದು 2006ರಲ್ಲಿ. ಅಪರಿಚಿತರು ದೂರದಿಂದ ಮಾಡಿದ ಪ್ರಾರ್ಥನೆಯಿಂದ ಸರ್ಜರಿ ನಂತರದ ತೊಂದರೆಗಳು ಕಡಿಮೆಯಾಗಲಿಲ್ಲ. ನಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ ಅಂತ ಗೊತ್ತಿದ್ದ ಗುಂಪಿನಲ್ಲಿ ತೊಂದರೆ ಸ್ವಲ್ಪ ಹೆಚ್ಚೇ ಇತ್ತು, 59 ಶೇಕಡಾ. ಉಳಿದ ಎರಡರಲ್ಲಿ 51, 52. ಹಾಗಾಗಿ ಔಷಧಿ ಬಿಟ್ಟು ಪ್ರಾರ್ಥನೆ ನೆಚ್ಚಿ ಕೂರುವುದು ಬೇಡ. ಅದೇ ಹೊತ್ತಿಗೆ, ಆ ಪ್ರಯೋಗ ಅಳೆದದ್ದು ಬೇರೆಯವರ ಪ್ರಾರ್ಥನೆಯನ್ನು, ಅದೂ ಸರ್ಜರಿಯ ತೊಂದರೆಗಳ ಲೆಕ್ಕದಲ್ಲಿ. ರಾತ್ರಿ ಹನ್ನೊಂದಕ್ಕೆ ಚಾಪೆಯ ಮೇಲೆ ಕೂತ ತಾಯಿಯ ಕೂಗು ಏನು ಮಾಡುತ್ತದೆ ಅನ್ನುವುದು ಆ ಲೆಕ್ಕದ ಒಳಗೆ ಬರುವುದಿಲ್ಲ.

ಓದಬೇಕು ಅನ್ನಿಸಿದರೆ

150ನ್ನೂ ಮೊದಲಿಂದ ಓದಬೇಕಿಲ್ಲ. ಸಹನೆ ಮುಗಿದಿದ್ದರೆ 13. ಕೈಬಿಟ್ಟ ಹಾಗೆ ಅನ್ನಿಸಿದರೆ 22. ಯಾರ ಸಮಾಧಾನದ ಮಾತೂ ಬೇಡ ಅನ್ನಿಸಿದ ದಿನ 88. ಲೆಕ್ಕಕ್ಕೇ ಬಾರದೆ ಹೋಯಿತಲ್ಲ ನನ್ನ ಅಳು ಅನ್ನಿಸಿದರೆ 56. ಅದರಲ್ಲಿ ದೇವರು ಕಣ್ಣೀರನ್ನು ಬುದ್ದಲಿಯಲ್ಲಿ ತುಂಬಿಡುವ ಮಾತು ಬರುತ್ತದೆ. ಬುದ್ದಲಿ ಅಂದರೆ ತೊಗಲಿನ ಪಾತ್ರೆ. ಹಿಂದೆ ಎಣ್ಣೆ, ತುಪ್ಪದಂಥ ಬೆಲೆಯುಳ್ಳದ್ದನ್ನು ಇಡುತ್ತಿದ್ದದ್ದು ಅದರಲ್ಲೇ.

ರಾತ್ರಿ ಕಾಯುವವರಿಗೆ 130. ಅಜ್ಜಿ ಆವತ್ತು ಓದಿದ್ದು ಅದನ್ನೇ. ತಾಯಿಯ ಚಾಪೆಯ ಪಕ್ಕ ಬಂದು ಕೂತರು, ಕೇಳಿಯೇ ಓದಿದರು. "ಸಣ್ಣದೈತಿ, ಓದ್ಲೇನ್ರಿ?" ಆಕೆ ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಆಳದ ಗುಂಡಿಯೊಳಗಿಂದ ಕೂಗುತ್ತಿದ್ದೇನೆ ಅಂತ ಶುರುವಾಗುವ ಎಂಟು ವಚನದ ಹಾಡು. ಕಾವಲುಗಾರರು ಬೆಳಗಾಗುವುದನ್ನು ಕಾಯುವುದಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದೇನೆ ಅನ್ನುವ ಸಾಲು ಅದರಲ್ಲಿ ಬೆನ್ನು ಬೆನ್ನಿಗೆ ಎರಡು ಸಲ ಬರುತ್ತದೆ. ಅಚ್ಚಿನ ತಪ್ಪು ಅಂದುಕೊಂಡಿದ್ದೆ ನಾನು. ಅಜ್ಜಿ ಎರಡೂ ಸಲ ಓದಿದರು, ಎರಡನೇ ಸಲ ಇನ್ನೂ ನಿಧಾನವಾಗಿ.

ಲಿಫ್ಟ್ ಹತ್ತಿರ ಕುರ್ಚಿ ಹಾಕಿಕೊಂಡಿದ್ದ ಸೆಕ್ಯುರಿಟಿಯವರು ತಲೆ ಎತ್ತಿ ಇತ್ತ ನೋಡಿದರು. ಆಮೇಲೆ ಗೋಡೆಯ ಗಡಿಯಾರ ನೋಡಿದರು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತು.